ಹುಸಿನೀಲಿಯ ಚರಿತ್ರೆ: ಬಣ್ಣದ ಬಾನಿಯಿಂದ ಗದ್ದೆ, ಬೊಂಬೆ ಮತ್ತು ಹೂದೋಟದವರೆಗೆ

ನೀಲಿ ಬಣ್ಣ ಕೊಡುವ ಗಿಡದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಬಂಗಾಳದ ನೀಲಿ ದಂಗೆ, ಚಂಪಾರಣ್ಯದ ಸತ್ಯಾಗ್ರಹ ಮತ್ತು ಜರ್ಮನಿಯ ರಸಾಯನಶಾಲೆಗಳ ಸುತ್ತಲೇ ಬರೆದಿದ್ದಾರೆ. ಈ ದೊಡ್ಡ ಕಥನದ ಮಗ್ಗುಲಲ್ಲಿ, ನೀಲಿಯನ್ನು ಹೋಲುವ ಇಲ್ಲವೆ ನೀಲಿಯ ಹೆಸರನ್ನು ಹೊತ್ತ, ಆದರೆ ಬಣ್ಣದ ಪೇಟೆಯಲ್ಲಿ ಅದರ ಸಮಕ್ಕೆ ನಿಲ್ಲಲಾರದ ಗಿಡಮರಗಳ ಚರಿತ್ರೆಯೊಂದಿದ್ದು, ಅದು ಇಂದಿಗೂ ಚದುರಿಹೋಗಿಯೇ ಇದೆ. ಅಂಥವುಗಳಲ್ಲಿ ಮೂರು ಮುಖ್ಯವಾದವು: ಉತ್ತರ ಅಮೆರಿಕದ ವಸಂತದಲ್ಲಿ ಹೂಬಿಡುವ ಬಹುವಾರ್ಷಿಕ ಸಸ್ಯವಾದ ಬ್ಯಾಪ್ಟೀಸಿಯ, ದಖ್ಖನಿನ ಬದು ಬಯಲುಗಳಲ್ಲಿ ತಾನೇ ಹುಟ್ಟಿಕೊಳ್ಳುವ ಕೊಗ್ಗಿ ಮತ್ತು ಚನ್ನಪಟ್ಟಣದ ಬೊಂಬೆಗಳಿಗೆ ಮೈಯಾದ ಆಲೆ ಮರ. ಈ ಮೂರನ್ನೂ ಒಟ್ಟಾಗಿ ‘ಹುಸಿನೀಲಿ’ ಎಂದು ಕರೆಯಬಹುದು. ಬಣ್ಣದ ಪೇಟೆಗೆ ಒದಗದ ಈ ಮೂರೂ ಬೇರೆ ಬೇರೆ ಕಸುಬುಗಳಲ್ಲಿ ನೆಲೆ ಕಂಡುಕೊಂಡು ಉಳಿದವು, ಪೇಟೆಯನ್ನು ಗೆದ್ದ ಅಸಲಿ ನೀಲಿಯೇ ರೈತನ ಹೊಲದಿಂದ ಬಹುಮಟ್ಟಿಗೆ ಕಣ್ಮರೆಯಾಯಿತು ಎಂಬುದು ಈ ಚರಿತ್ರೆಯ ತಿರುಳು.

ಈ ಚರಿತ್ರೆಯ ದಖ್ಖನಿನ ಭಾಗವನ್ನು ನೋಡಲು ನಾಸಿಕ ಜಿಲ್ಲೆಯ ಇಗತಪುರಿ ತಾಲೂಕಿನ ಘೋಟಿ ತಕ್ಕ ಸ್ಥಳ. ಮುಂಬಯಿ–ಆಗ್ರಾ ಹೆದ್ದಾರಿಯ ಮೇಲಿರುವ, ಅಕ್ಕಿ ಗಿರಣಿಗಳಿಗೆ ಹೆಸರಾದ ಈ ಊರು ಥಳ್ ಘಾಟಿಯನ್ನು ಹತ್ತಿ ಬಂದವರಿಗೆ ದಖ್ಖನಿನ ಬಾಗಿಲಲ್ಲಿ ಸಿಗುವ ಮೊದಲ ಪೇಟೆಗಳಲ್ಲಿ ಒಂದು. ಸಮೀಪದಲ್ಲೇ 1,646 ಮೀಟರ್ ಎತ್ತರದ, ಮಹಾರಾಷ್ಟ್ರದ ಅತ್ಯುನ್ನತ ಶಿಖರವಾದ ಕಳಸೂಬಾಯಿ ಇದೆ. ಇದೇ ಜಿಲ್ಲೆಯ ತ್ರ್ಯಂಬಕದಲ್ಲಿ ಗೋದಾವರಿ ಹುಟ್ಟುತ್ತದೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡ ನಾಡಿನ ಉತ್ತರದ ಎಲ್ಲೆಯೆಂದು ಹೇಳುವುದು ಈ ಗೋದಾವರಿಯನ್ನೇ. ಎಲ್ಲೋರದ ಕೈಲಾಸ ದೇವಾಲಯವನ್ನು ಕಡೆಸಿದ ರಾಷ್ಟ್ರಕೂಟರು ಆಳಿದ ನೆಲವೂ ಇದೇ. ಹಾಗಾಗಿ ಘೋಟಿಯಿಂದ ಕಾವೇರಿಯವರೆಗಿನ ದಖ್ಖನಿನ ಸಸ್ಯಗಳನ್ನೂ ಬೇಸಾಯದ ರೂಢಿಗಳನ್ನೂ ಒಂದೇ ಹರವಿನಲ್ಲಿಟ್ಟು ನೋಡುವುದಕ್ಕೆ ಭೂಗೋಳದ ಆಧಾರವೂ ಇದೆ, ಚರಿತ್ರೆಯ ಆಧಾರವೂ ಇದೆ. ಕನ್ನಡ ರೈತ ಕೊಗ್ಗಿ ಎನ್ನುವ ಗಿಡ ಮರಾಠಿಯಲ್ಲಿ ಉನ್ಹಾಳಿ, ಆಲೆ ಮರ ಅಲ್ಲಿ ಕಾಳಾ ಕುಡಾ.

ಹುಸಿಯನ್ನು ಅರಿಯಲು ಅಸಲಿಯನ್ನು ಅರಿತಿರಬೇಕು. ಅಸಲಿ ನೀಲಿ, ಅಂದರೆ ಇಂಡಿಗೋಫೆರಾ ಟಿಂಕ್ಟೋರಿಯಾ, ಅವರೆ ತೊಗರಿಗಳ ಕುಟುಂಬಕ್ಕೆ ಸೇರಿದ, ಸೊಂಟದೆತ್ತರದ ಕುರುಚಲು ಗಿಡ. ಅದರ ಹಸಿ ಎಲೆಯಲ್ಲಿ ನೀಲಿಯ ಸುಳಿವೇ ಇರುವುದಿಲ್ಲ. ಇಂಡಿಕಾನ್ ಎಂಬ, ಸಕ್ಕರೆಯೊಂದಿಗೆ ಬೆಸೆದುಕೊಂಡ ಬಣ್ಣವಿಲ್ಲದ ವಸ್ತುವೊಂದು ಅಲ್ಲಿ ಅಡಗಿರುತ್ತದೆ. ಕೊಯ್ದ ಸೊಪ್ಪನ್ನು ತೊಟ್ಟಿಯ ನೀರಿನಲ್ಲಿ ಅದುಮಿಟ್ಟು ಹುಳಿಯಿಸಿದಾಗ ಸಕ್ಕರೆ ಬೇರ್ಪಡುತ್ತದೆ, ಆ ಹಳದಿ ಹಸಿರು ನೀರನ್ನು ಇನ್ನೊಂದು ತೊಟ್ಟಿಗೆ ಹರಿಸಿ ಕೋಲುಗಳಿಂದ ಬಡಿದು ಗಾಳಿ ಕೂಡಿಸಿದಾಗ ನೀಲಿಯ ಕಣಗಳು ಮೂಡಿ ತಳಕ್ಕೆ ಇಳಿಯುತ್ತವೆ. ತಳದ ಆ ಕೆಸರನ್ನು ಕಾಯಿಸಿ, ಸೋಸಿ, ಒತ್ತಿ, ಬಿಲ್ಲೆಗಳಾಗಿ ಕತ್ತರಿಸಿ ನೆರಳಲ್ಲಿ ಒಣಗಿಸಿದರೆ ಅದು ವ್ಯಾಪಾರದ ನೀಲಿ. ಆಗ್ರಾ ಬಳಿಯ ಬಯಾನಾ ಮತ್ತು ಅಹಮದಾಬಾದಿನ ಬಳಿಯ ಸರಖೇಜ್ 17ನೆಯ ಶತಮಾನದಲ್ಲಿ ಈ ಸರಕಿಗೆ ಜಗತ್ತಿನಲ್ಲೇ ಹೆಸರಾಗಿದ್ದವು; ಅದಕ್ಕೂ ಬಹಳ ಮೊದಲು, 13ನೆಯ ಶತಮಾನದ ಕೊನೆಯಲ್ಲಿ, ಮಾರ್ಕೊ ಪೋಲೊ ಕೇರಳದ ಕೊಲ್ಲಂನಲ್ಲಿ ನೀಲಿ ತಯಾರಿಸುವ ಬಗೆಯನ್ನು ವರ್ಣಿಸಿದ್ದನು.

ಬಿಲ್ಲೆಯಾದ ನೀಲಿ ನೀರಿನಲ್ಲಿ ಕರಗದ್ದರಿಂದ ಅದನ್ನು ಬಟ್ಟೆಗೆ ಹಿಡಿಸುವುದು ಬೇರೆಯದೇ ಕಸುಬಾಗಿ ಬೆಳೆಯಿತು. ಕನ್ನಡ ನಾಡಿನಲ್ಲಿ ಈ ಕಸುಬಿನವರನ್ನು ನೀಲಗಾರರೆಂದು ಕರೆದರು. ಮಂಟೇಸ್ವಾಮಿಯ ಕಾವ್ಯವನ್ನು ಹಾಡುವ ಹಳೆಯ ಮೈಸೂರು ಸೀಮೆಯ ನೀಲಗಾರರು ಇವರಲ್ಲ. 19ನೆಯ ಶತಮಾನದ ಮುಂಬಯಿ ಪ್ರಾಂತ್ಯದ ಗ್ಯಾಸೆಟಿಯರುಗಳು ಕನ್ನಡ ಜಿಲ್ಲೆಗಳ ಜನವರ್ಗಗಳನ್ನು ವಿವರಿಸುವಾಗ ಬಣ್ಣದ ಈ ನೀಲಗಾರರಿಗೆ ಬೇರೆಯೇ ಸ್ಥಾನ ಕೊಟ್ಟಿವೆ. ದಕ್ಷಿಣದ ಬಣ್ಣಗಾರರು ನೆಲದಲ್ಲಿ ಕುತ್ತಿಗೆಯವರೆಗೆ ಹೂತ ಮಣ್ಣಿನ ಬಾನಿಯಲ್ಲಿ ನೀರು ತುಂಬಿ, ಅರೆದ ನೀಲಿಯನ್ನೂ ಸುಣ್ಣದ ತಿಳಿಯನ್ನೂ ಚೌಳು ಮಣ್ಣಿನ ಕ್ಷಾರವನ್ನೂ ಸೇರಿಸಿ, ಅದು ಹುಳಿಯಲೆಂದು ಬೇಯಿಸಿದ ತಗಚೆ ಬೀಜವನ್ನು ಬೆರೆಸುತ್ತಿದ್ದರು. ಬೀಜದ ಲೋಳೆಯನ್ನು ತಿಂದು ಬೆಳೆಯುವ ಸೂಕ್ಷ್ಮಜೀವಿಗಳು ಬಾನಿಯೊಳಗಿನ ಆಮ್ಲಜನಕವನ್ನು ಹೀರಿ ನೀಲಿಯನ್ನು ಕರಗುವ ರೂಪಕ್ಕೆ ತಂದಾಗ ಒಳಗಿನ ನೀರು ಹಳದಿ ಹಸಿರಾಗಿ, ಮೇಲೆ ತಾಮ್ರದ ಹೊಳಪಿನ ಕೆನೆ ಕಟ್ಟುತ್ತದೆ; ಬಾನಿ ಹದಕ್ಕೆ ಬಂದಿದೆ ಎಂಬುದಕ್ಕೆ ಈ ಕೆನೆ ಮತ್ತು ಅದರ ಕಟುವಾಸನೆಯೇ ಗುರುತು. ಅದರಲ್ಲಿ ಅದ್ದಿದ ನೂಲು ಹಸಿರಾಗಿ ಹೊರಬಂದು, ಗಾಳಿಯಲ್ಲಿ ಹಿಡಿದಿರುವಂತೆಯೇ ನೋಡನೋಡುತ್ತ ನೀಲಿಗೆ ತಿರುಗುತ್ತದೆ. ತಿಳಿನೀಲಿಗೆ ಒಂದೆರಡು ಅದ್ದು ಸಾಕು, ಕಡುನೀಲಿಗೆ ಮತ್ತೆ ಮತ್ತೆ ಅದ್ದಿ ಒಣಗಿಸಬೇಕು. ಒಳ್ಳೆಯ ಕಪ್ಪು ಬೇಕೆಂದಾಗಲೂ ಮೊದಲು ನೀಲಿಯ ತಳ ಕೊಟ್ಟು, ಅದರ ಮೇಲೆ ಅಳಲೆಕಾಯಿ ಮತ್ತು ಕಬ್ಬಿಣದ ರಸವನ್ನು ಏರಿಸುವುದು ರೂಢಿಯಲ್ಲಿತ್ತು. ಮಹಾರಾಷ್ಟ್ರದಲ್ಲೂ ಉತ್ತರ ಕರ್ನಾಟಕದಲ್ಲೂ ಹೆಂಗಸರು ಮೆಚ್ಚಿದ ಕರಿಯೊಡಲಿನ ಚಂದ್ರಕಾಳಿ ಸೀರೆಯಂಥ ಬಟ್ಟೆಗಳಿಗೆ ಬಣ್ಣಗಾರರ ಈ ಬಗೆಯ ಕೈಚಳಕವೇ ಬೇಕಾಗಿತ್ತು.

ಇಷ್ಟು ಗಟ್ಟಿಯಾದ, ತೊಳೆದರೂ ಬಿಡದ ಬಣ್ಣಕ್ಕೆ ಬದಲಿ ಹುಡುಕುವ ಆತುರ ಹುಟ್ಟಿದ್ದು ಯುರೋಪಿನಲ್ಲಿ. ಅಲ್ಲಿನ ರೈತರು ಬೆಳೆಯುತ್ತಿದ್ದ ವೋಡ್ ಎಂಬ ಸಾಸಿವೆ ಕುಟುಂಬದ ಗಿಡದಲ್ಲಿಯೂ ಇದೇ ನೀಲಿ ಇದ್ದರೂ ಅದರ ಪ್ರಮಾಣ ತೀರ ಕಡಿಮೆ. ಭಾರತದ ನೀಲಿ ಹಡಗುಗಳಲ್ಲಿ ಬಂದಿಳಿದಾಗ ವೋಡ್ ಬೆಳೆಗಾರರ ಹಿತ ಕಾಯಲು ಜರ್ಮನಿಯ ಪವಿತ್ರ ರೋಮನ್ ಸಾಮ್ರಾಜ್ಯ 1577ರಲ್ಲಿ ಅದನ್ನು ನಿಷೇಧಿಸಿತು, ಫ್ರಾನ್ಸಿನ ನಾಲ್ಕನೆಯ ಹೆನ್ರಿ 1609ರಲ್ಲಿ ಅದನ್ನು ಬಳಸಿದವರಿಗೆ ಮರಣದಂಡನೆಯನ್ನೇ ಘೋಷಿಸಿದನು. ಕಾನೂನು ಸೋತು ನೀಲಿ ಗೆದ್ದಿತು. ಆ ಬಳಿಕ ಪ್ರತಿಯೊಂದು ಸಾಮ್ರಾಜ್ಯವೂ ತನ್ನ ವಸಾಹತಿನಲ್ಲೇ ನೀಲಿ ಬೆಳೆಯಲು ಹೊರಟಿತು. ಇಂದಿನ ಅಮೆರಿಕದ ದಕ್ಷಿಣ ಕೆರೊಲಿನದಲ್ಲಿ ಎಲಿಜಾ ಲೂಕಸ್ ಎಂಬ ತರುಣಿ 1740ರ ಆಸುಪಾಸಿನಿಂದ ಬೀಜ ತರಿಸಿ ನಡೆಸಿದ ಪ್ರಯೋಗ 1744ರ ವೇಳೆಗೆ ಫಲಿಸಿತು. ಆಫ್ರಿಕದಿಂದ ತರಲಾದ ಗುಲಾಮರ ದುಡಿಮೆಯ ಮೇಲೆ ನಿಂತಿದ್ದ ಈ ಬೆಳೆಗೆ ಬ್ರಿಟಿಷ್ ಸಂಸತ್ತು 1748ರಲ್ಲಿ ಪ್ರೋತ್ಸಾಹಧನವನ್ನೂ ಕೊಟ್ಟಿತು. ಅಮೆರಿಕ ಸ್ವತಂತ್ರವಾದ ಮೇಲೆ ಆ ಧನ ನಿಂತು ಅಲ್ಲಿನ ನೀಲಿಯೂ ಕುಸಿಯಿತು.

ಬ್ಯಾಪ್ಟೀಸಿಯ ಬಣ್ಣಗಾರರ ಕೈಗೆ ಬಂದದ್ದು ಈ ಹಿನ್ನೆಲೆಯಲ್ಲಿ. ಉತ್ತರ ಅಮೆರಿಕದ ಪೂರ್ವ ಮತ್ತು ನಡುಭಾಗದ ಬಯಲು, ಹೊಳೆದಂಡೆ, ಕಾಡಂಚುಗಳ ಈ ಸಸ್ಯವನ್ನು ಅಲ್ಲಿನ ಚೆರೊಕಿ ಮೂಲನಿವಾಸಿಗಳು ಬಣ್ಣಕ್ಕೂ ಔಷಧಕ್ಕೂ ಬಳಸುತ್ತಿದ್ದರು, ಅಸಲಿ ನೀಲಿ ಸಿಗದ ಒಳನಾಡಿನ ವಲಸೆಗಾರರು ಅದನ್ನು ನೋಡಿ ಕಲಿತರು. ಹಳದಿ ಹೂವಿನ ಬ್ಯಾಪ್ಟೀಸಿಯ ಟಿಂಕ್ಟೋರಿಯಾ ಮತ್ತು ನೀಲಿ ಹೂವಿನ ಬ್ಯಾಪ್ಟೀಸಿಯ ಆಸ್ಟ್ರೇಲಿಸ್ ಎರಡರಿಂದಲೂ ನೀಲಿ ಬರುತ್ತದೆ, ಆದರೆ ಅದರ ಮೊತ್ತ ಕಡಿಮೆ, ಬಣ್ಣ ತೆಳು. ಹಡಗಿನಲ್ಲಿ ಬಂದ ಬಿಲ್ಲೆಯ ಎದುರು ಅದು ಪೇಟೆಯ ಸರಕಾಗುವುದು ಸಾಧ್ಯವಿರಲಿಲ್ಲ. ಹೀಗೆ ಬಣ್ಣದ ಲೆಕ್ಕದಿಂದ ಬಿದ್ದುಹೋದ ಗಿಡವನ್ನು 18ನೆಯ ಶತಮಾನದಲ್ಲೇ ಇಂಗ್ಲೆಂಡಿನ ತೋಟಗಾರರು ಹೂವಿಗಾಗಿ ಬೆಳೆಯತೊಡಗಿದ್ದರು. ಲಿನೇಯಸ್ ಅದನ್ನು ಸೊಫೊರಾ ಎಂಬ ಜಾತಿಗೆ ಸೇರಿಸಿದ್ದನು, ಫ್ರೆಂಚ್ ಸಸ್ಯವಿಜ್ಞಾನಿ ವೆಂಟೆನಾ 1808ರಲ್ಲಿ ಬ್ಯಾಪ್ಟೀಸಿಯ ಎಂಬ ಹೊಸ ಜಾತಿಯನ್ನು ರಚಿಸಿದನು, ಲಂಡನ್ನಿನ ಕ್ಯೂ ಉದ್ಯಾನದ ಸಸ್ಯಸೂಚಿಯಲ್ಲಿ ರಾಬರ್ಟ್ ಬ್ರೌನ್ 1811ರಲ್ಲಿ ಅದಕ್ಕೆ ಇಂದಿನ ಹೆಸರನ್ನು ಕೊಟ್ಟನು. ಎರಡು ಶತಮಾನಗಳ ಬಳಿಕ, 2010ರಲ್ಲಿ, ಅಮೆರಿಕದ ಬಹುವಾರ್ಷಿಕ ಸಸ್ಯ ಸಂಘ ಬ್ಯಾಪ್ಟೀಸಿಯ ಆಸ್ಟ್ರೇಲಿಸನ್ನು ವರ್ಷದ ಸಸ್ಯವೆಂದು ಆರಿಸಿತು.

ತೋಟಗಾರರು ಇದನ್ನು ಮೆಚ್ಚುವುದು ಅದರ ಸ್ವಭಾವಕ್ಕಾಗಿ. ಚಳಿಗಾಲದಲ್ಲಿ ನೆಲದ ಮೇಲಿನ ಭಾಗವೆಲ್ಲ ಒಣಗಿ, ವಸಂತದಲ್ಲಿ ಬೇರುಗಡ್ಡೆಯಿಂದ ಮತ್ತೆ ಚಿಗುರಿ ಸುಮಾರು ಮೂರು ನಾಲ್ಕು ಅಡಿ ಎತ್ತರದ ಪೊದೆಯಾಗುವ ಈ ಸಸ್ಯಕ್ಕೆ ಬಟಾಣಿಯ ಹೂವನ್ನು ಹೋಲುವ ನೇರಳೆ ನೀಲಿ ಹೂಗೊಂಚಲು ಬರುತ್ತದೆ. ಆಮೇಲೆ ಉಬ್ಬಿದ ಕಾಯಿಗಳು ಬಲಿತು ಇದ್ದಲಿನಂತೆ ಕಪ್ಪಾಗಿ, ಗಾಳಿ ಬೀಸಿದಾಗ ಒಳಗಿನ ಬೀಜ ಗಲಗಲಿಸುತ್ತದೆ. ಬೀಜದಿಂದ ಬೆಳೆದ ಗಿಡ ಹೂಬಿಡಲು ಸಾಮಾನ್ಯವಾಗಿ ಮೂರು ವರ್ಷ ಬೇಕು. ತಾಯಿಬೇರು ಆಳಕ್ಕೆ ಇಳಿಯುವುದರಿಂದ ಒಮ್ಮೆ ನೆಟ್ಟ ಗಿಡವನ್ನು ಕಿತ್ತು ಬೇರೆಡೆ ನೆಡುವುದು ಅದಕ್ಕೆ ಒಗ್ಗುವುದಿಲ್ಲ. ಇದ್ದಲ್ಲೇ ಬಿಟ್ಟರೆ ದಶಕಗಳ ಕಾಲ ಬಾಳುತ್ತದೆ, ಮಳೆ ತಪ್ಪಿದರೂ ತಾಳಿಕೊಳ್ಳುತ್ತದೆ. ಬಣ್ಣಗಾರನಿಗೆ ವರ್ಷವರ್ಷವೂ ಕೊಯ್ದು ಕೊಡಬೇಕಾದ ಬೆಳೆಯಾಗಿ ಇದು ನಿಧಾನದ್ದು, ತೋಟದವನಿಗೆ ಅದೇ ನಿಧಾನ ಒಂದು ಗುಣ.

ಇದೇ ರಾಬರ್ಟ್ ಬ್ರೌನ್ ಹೆಸರಿಟ್ಟ ಇನ್ನೊಂದು ಹುಸಿನೀಲಿ ದಖ್ಖನಿನದು. ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿ ಮದರಾಸು ಪ್ರಾಂತ್ಯಕ್ಕೆ ಬಂದು ಆಮೇಲೆ ಕಲ್ಕತ್ತೆಯ ಸಸ್ಯೋದ್ಯಾನದ ಮುಖ್ಯಸ್ಥನಾದ ವಿಲಿಯಂ ರಾಕ್ಸ್‌ಬರ್ಗ್, 18ನೆಯ ಶತಮಾನದ ಕೊನೆಯಲ್ಲಿ ಕೋರಮಂಡಲ ಸೀಮೆಯ ಹಾಲು ಸುರಿಯುವ ಮರವೊಂದರ ಎಲೆಯಿಂದ ಒಳ್ಳೆಯ ನೀಲಿ ಬರುವುದನ್ನು ಕಂಡು, ಅದನ್ನು ಕಣಗಿಲೆಯ ಜಾತಿಗೆ ಸೇರಿಸಿ ನೀರಿಯಂ ಟಿಂಕ್ಟೋರಿಯಂ ಎಂದು ಕರೆದನು. ಬ್ರೌನ್ ಅದನ್ನು ರೈಟಿಯ ಎಂಬ ಬೇರೆ ಜಾತಿಗೆ ತಂದನು. ಕನ್ನಡದಲ್ಲಿ ಆಲೆ, ಹಾಲೆ, ಬೆಪ್ಪಾಲೆ ಎಂದು ಹಲವು ಹೆಸರು ಪಡೆದಿರುವ ಮರವಿದು. ರಾಕ್ಸ್‌ಬರ್ಗನ ಲೆಕ್ಕಾಚಾರ ಸರಳವಾಗಿತ್ತು: ನೀಲಿ ಗಿಡವನ್ನು ಒಳ್ಳೆಯ ಹೊಲದಲ್ಲಿ ಬಿತ್ತಬೇಕು, ಈ ಮರವಾದರೋ ಕಲ್ಲುಗುಡ್ಡದಲ್ಲೂ ತಾನೇ ಬೆಳೆಯುತ್ತದೆ. ಆದರೆ ಅದರ ಎಲೆಯಿಂದ ಬಣ್ಣ ಇಳಿಸಲು ನೀರನ್ನು ಕಾಯಿಸಬೇಕಾಗಿತ್ತು, ಅದಕ್ಕೆ ಸೌದೆ ಬೇಕಾಗಿತ್ತು, ಗುಡ್ಡದಲ್ಲಿ ಚದುರಿದ ಮರಗಳಿಂದ ಎಲೆ ಬಿಡಿಸುವ ಕೂಲಿಯೂ ಸೇರುತ್ತಿತ್ತು. ಬಂಗಾಳದ ತೊಟ್ಟಿಗಳ ಎದುರು ಮರದ ನೀಲಿ ದೊಡ್ಡ ಉದ್ಯಮವಾಗಲಿಲ್ಲ.

ಆಲೆ ಮರದ ಬಾಳು ಬಣ್ಣದ ತೊಟ್ಟಿಯಲ್ಲಿ ಮುಗಿಯದೆ, ಅದರ ಹಾಲುಬಿಳಿಯ, ನಯವಾದ, ಎಳೆ ಕಾಣದ ಮರ ಚನ್ನಪಟ್ಟಣದ ಕಸುಬುದಾರರಿಗೆ ಒದಗಿತು. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದ ಆ ಊರಿನಲ್ಲಿ ತುಂಡುಮಾಡಿ ಒಣಗಿಸಿದ ಆಲೆ ಮರವನ್ನು ತಿರುಗುವ ಲೇತಿಗೆ ಸಿಕ್ಕಿಸಿ ಉಳಿಯಿಂದ ಕಡೆದು, ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ, ಕೇದಗೆಯ ಎಲೆಯನ್ನು ಒತ್ತಿ ತಿಕ್ಕಿದಾಗ ಹೊಳಪು ಬರುತ್ತದೆ. ಟಿಪ್ಪು ಸುಲ್ತಾನನ ಕಾಲಕ್ಕೆ ಮೂಲವನ್ನು ಕಾಣುವ ಐತಿಹ್ಯವುಳ್ಳ ಈ ಕಸುಬಿಗೆ ಈಗ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಸಸ್ಯಮೂಲದ ಬಣ್ಣಗಳಿಗೆ ಮರಳಿದ ಕೆಲವು ತಯಾರಕರು ಹಳದಿಗೆ ಅರಿಶಿನವನ್ನೂ ನೀಲಿಗೆ ನೀಲಿ ಗಿಡದ ಬಣ್ಣವನ್ನೂ ಅರಗಿಗೆ ಬೆರೆಸುತ್ತಾರೆ. ಆಗ ತನ್ನ ಎಲೆಯಲ್ಲೇ ನೀಲಿಯನ್ನು ಹೊತ್ತಿದ್ದ ಮರದ ಬೊಂಬೆಗೆ ಬೇರೊಂದು ಗಿಡದ ನೀಲಿ ಬಳಿದಂತಾಗುತ್ತದೆ.

ಅಸಲಿ ನೀಲಿಯ ಕಡೆಗಾಲವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ಬಂಗಾಳದಲ್ಲಿ ರೈತರಿಗೆ ಮುಂಗಡ ಹೇರಿ, ಬೇಡವೆಂದರೂ ನೀಲಿ ಬಿತ್ತಿಸುತ್ತಿದ್ದ ತೋಟದ ದೊರೆಗಳ ವಿರುದ್ಧ 1859–60ರಲ್ಲಿ ದಂಗೆಯೆದ್ದಿತು, ದೀನಬಂಧು ಮಿತ್ರ 1860ರಲ್ಲಿ ‘ನೀಲದರ್ಪಣ’ ನಾಟಕ ಬರೆದನು. ಬಿಹಾರಕ್ಕೆ ಸರಿದ ಬೆಳೆ ಪ್ರತಿ ಬಿಘಾ ನೆಲದ 20 ಪಾಲಿನಲ್ಲಿ ಮೂರು ಪಾಲನ್ನು ನೀಲಿಗೇ ಮೀಸಲಿಡಬೇಕೆಂಬ ತಿನ್‌ಕಠಿಯಾ ಪದ್ಧತಿಯಾಗಿ ಮುಂದುವರಿದು, 1917ರಲ್ಲಿ ಗಾಂಧೀಜಿಯವರನ್ನು ಚಂಪಾರಣ್ಯಕ್ಕೆ ಕರೆಸಿತು. ಅಷ್ಟರಲ್ಲಿ ಜರ್ಮನಿಯ ಅಡಾಲ್ಫ್ ಫಾನ್ ಬೇಯರ್ 1883ರಲ್ಲಿ ನೀಲಿಯ ಅಣುರಚನೆಯನ್ನು ಕಂಡುಹಿಡಿದಿದ್ದನು, ಬಿಎಎಸ್‌ಎಫ್ ಕಂಪನಿ 1897ರಲ್ಲಿ ಕಾರ್ಖಾನೆಯ ನೀಲಿಯನ್ನು ಪೇಟೆಗೆ ಬಿಟ್ಟಿತ್ತು. ಆ ವರ್ಷ ಸುಮಾರು 19,000 ಟನ್ನುಗಳಷ್ಟಿದ್ದ ಗಿಡದ ನೀಲಿಯ ಉತ್ಪಾದನೆ 1914ರ ಹೊತ್ತಿಗೆ 1,000 ಟನ್ನಿಗೆ ಕುಸಿದಿತ್ತು. ಇಂದು ಬಳ್ಳಾರಿಯಲ್ಲಿ ಹೊಲಿಯುವ ಜೀನ್ಸ್ ಬಟ್ಟೆಯ ಹಾಸುನೂಲಿಗೆ ಹಿಡಿದಿರುವುದು ಇಂಥ ಕಾರ್ಖಾನೆಯ ನೀಲಿಯೇ.

ಮನೆಮಂದಿ ಬಿಳಿ ಪಂಚೆಗೆ ಹಾಕುತ್ತ ಬಂದ ‘ನೀಲಿ’ ಪುಡಿ ಮಾತ್ರ ಬೇರೆಯದು. ಅದು ಅಲ್ಟ್ರಾಮರೀನ್, ಅಂದರೆ ರಾಜಾವರ್ತ ಶಿಲೆಯ ಬಣ್ಣವನ್ನು ಫ್ರಾನ್ಸಿನ ಗಿಮೆ 1820ರ ದಶಕದಲ್ಲಿ ಕುಲುಮೆಯಲ್ಲಿ ಮರುಸೃಷ್ಟಿಸಿದ್ದು. ಛತ್ರಪತಿ ಸಂಭಾಜಿನಗರ ಜಿಲ್ಲೆಯ ಅಜಂತದ ಗುಹೆಗಳಲ್ಲಿ, ಐದನೆಯ ಶತಮಾನದ ವಾಕಾಟಕರ ಕಾಲದ ಚಿತ್ರಕಾರರು ನೀಲಿಗಾಗಿ ಅರೆದದ್ದು ಅಸಲಿ ರಾಜಾವರ್ತವನ್ನೇ. ಕರಗದ ಕಲ್ಲಿನ ಪುಡಿ ಗೋಡೆಗೆ ಸಲ್ಲುತ್ತದೆ, ನೂಲಿನೊಳಕ್ಕೆ ಇಳಿಯಲು ಗಿಡದ ನೀಲಿಯೇ ಬೇಕು ಎಂಬ ವ್ಯತ್ಯಾಸ ದಖ್ಖನಿನ ಕುಶಲಿಗಳಿಗೆ ಅಷ್ಟು ಹಿಂದೆಯೇ ತಿಳಿದಿರಬೇಕು.

ಮೂರನೆಯ ಹುಸಿನೀಲಿಯಾದ ಕೊಗ್ಗಿ, ಅಂದರೆ ಟೆಫ್ರೋಸಿಯ ಪರ್ಪ್ಯೂರಿಯ, ಎಲೆ ಹೂಗಳಲ್ಲಿ ನೀಲಿ ಗಿಡವನ್ನು ಎಷ್ಟು ಹೋಲುತ್ತದೆಂದರೆ ಇಂಗ್ಲಿಷ್ ಅಧಿಕಾರಿಗಳು ಅದನ್ನು ಕಾಡುನೀಲಿ ಎಂದೇ ದಾಖಲೆಗಳಲ್ಲಿ ಬರೆದರು. ಪೇಟೆಗೆ ಒಯ್ಯುವಂಥ ಬಣ್ಣ ಅದರಲ್ಲಿಲ್ಲ. ಆಯುರ್ವೇದ ಅದನ್ನು ಶರಪುಂಖಾ ಎಂದು ಕರೆದು ಪ್ಲೀಹದ, ಅಂದರೆ ಹೊಟ್ಟೆಯ ಎಡಭಾಗದಲ್ಲಿರುವ ಗುಲ್ಮದ ಬೇನೆಗಳಿಗೆ ಬಳಸಿತು; ರೈತ ಅದನ್ನು ಗದ್ದೆಗೆ ಹಾಕಿದನು. ದ್ವಿದಳ ಸಸ್ಯವಾದ್ದರಿಂದ ಅದರ ಬೇರಿನ ಗಂಟುಗಳಲ್ಲಿ ನೆಲೆಸಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುತ್ತವೆ, ಆ ಗಿಡವನ್ನು ಹೂಬಿಡುವ ಹೊತ್ತಿಗೆ ಉತ್ತು ಕೆಸರಿಗೆ ತುಳಿದರೆ ಅದು ಮಣ್ಣಿಗೆ ಸೇರುತ್ತದೆ. ಬೇಸಗೆಯ ಬರಡು ನೆಲದಲ್ಲೂ ಹಸಿರಾಗಿ ನಿಲ್ಲುವುದು, ದನಗಳು ಹೆಚ್ಚಾಗಿ ಬಾಯಿ ಹಾಕದೆ ಬಿಡುವುದು ಅದರ ಅನುಕೂಲಗಳು. ಹಳೆಯ ಮೈಸೂರಿನ ಕೆರೆಬಯಲಿನಲ್ಲಿ ಹೊಂಗೆ ಸೊಪ್ಪಿನ ಜೊತೆಗೆ ಕೊಗ್ಗಿಯೂ ಹಸಿರು ಗೊಬ್ಬರಗಳ ಸಾಲಿನಲ್ಲಿ ನಿಂತದ್ದು ಇದರಿಂದಾಗಿ. ನೀಲಿ ತೊಟ್ಟಿಗಳಿದ್ದ ಕಡೆಗಳಲ್ಲೂ ಬಣ್ಣ ಬಿಟ್ಟ ಚರಟ ಒಳ್ಳೆಯ ಗೊಬ್ಬರವೆಂದು ಹೊಲಕ್ಕೆ ಹೋಗುತ್ತಿತ್ತು.

ಘೋಟಿಯ ಭತ್ತದ ಸೀಮೆಯಲ್ಲಿ ಮಣ್ಣಿಗೆ ಸೊಪ್ಪನ್ನು ಒದಗಿಸುವ ಕ್ರಮ ಬೇರೆ ದಾರಿ ಹಿಡಿದಿತ್ತು. ಸಹ್ಯಾದ್ರಿಯ ಈ ಮಗ್ಗುಲಲ್ಲಿ ಮುಂಗಾರಿಗೆ ಮುಂಚೆ ಒಟ್ಲುಪಾತಿಯ ಮೇಲೆ ಸಗಣಿ, ಕಡಿದ ರೆಂಬೆ, ಒಣಹುಲ್ಲು, ತರಗೆಲೆಗಳನ್ನು ಪದರ ಪದರವಾಗಿ ಹರಡಿ ಸುಡುತ್ತಾರೆ. ಇದಕ್ಕೆ ರಾಬ್ ಎಂದು ಹೆಸರು. ಬೂದಿಯ ಸಾರ, ಸುಟ್ಟ ಮಣ್ಣಿನ ಹದ, ಕಳೆಬೀಜಗಳ ನಾಶ ಈ ಮೂರೂ ಎಳೆಯ ಪೈರಿಗೆ ಒದಗುತ್ತವೆ. ಕಾಡಿನ ರೆಂಬೆ ಕಡಿಯುವ ಹಕ್ಕಿನ ಮೇಲೆ ಅರಣ್ಯ ಇಲಾಖೆಗೂ ರೈತರಿಗೂ ಎದ್ದ ಜಗಳ ಎಷ್ಟು ಬೆಳೆಯಿತೆಂದರೆ, 1880ರ ದಶಕದಲ್ಲಿ ಕೊಂಕಣದ ರೈತರ ದೂರುಗಳನ್ನು ವಿಚಾರಿಸಿದ ಮುಂಬಯಿ ಅರಣ್ಯ ಆಯೋಗದ ಮುಂದೆ ರಾಬ್ ಒಂದು ದೊಡ್ಡ ಪ್ರಶ್ನೆಯಾಯಿತು. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಸುಡುಮಣ್ಣಿನ ರೂಢಿ ರಾಬಿನ ಹತ್ತಿರದ ನಂಟು. ಉತ್ತರ ಕನ್ನಡದ ಅಡಿಕೆ ತೋಟಗಳಿಗೆ ಬಿಟ್ಟುಕೊಟ್ಟ ಸೊಪ್ಪಿನ ಬೆಟ್ಟಗಳು ಸುಡದೆ ಕೊಳೆಯಿಸುವ ದಾರಿಯವು. ಸುಟ್ಟಾಗ ಸೊಪ್ಪಿನ ಸಾರಜನಕ ಹೊಗೆಯಾಗಿ ಹೋಗುತ್ತದೆ, ಕೊಗ್ಗಿಯಂಥ ಗಿಡವನ್ನು ತುಳಿದಾಗ ಅದು ಗದ್ದೆಯಲ್ಲೇ ಉಳಿಯುತ್ತದೆ. ಕಾಡಿನ ರೆಂಬೆಗೆ ಕೈಚಾಚದೆ ಹೊಲದ ಬದುವಿನಲ್ಲೇ ಬೆಳೆಸಬಹುದಾದ ಗೊಬ್ಬರವೆಂದು ಕೃಷಿ ಇಲಾಖೆಗಳು 20ನೆಯ ಶತಮಾನದಲ್ಲಿ ಹಸಿರು ಗೊಬ್ಬರದ ಗಿಡಗಳನ್ನು ಒತ್ತಿ ಹೇಳಿದ್ದರ ಕಾರಣವೂ ಇದೇ.

ಸಾಗರಗಳಾಚೆಯ ಬ್ಯಾಪ್ಟೀಸಿಯ ಮತ್ತು ಇಲ್ಲಿನ ಕೊಗ್ಗಿಯನ್ನು ಬೆಳೆಸುವ ಬಗೆಯಲ್ಲಿ ಸಾಮ್ಯ ಬಹಳ. ಎರಡರ ಬೀಜದ ಸಿಪ್ಪೆಯೂ ಗಟ್ಟಿ. ಮರಳಿನೊಂದಿಗೆ ತಿಕ್ಕಿ ಗೀರು ಬೀಳಿಸಿಯೋ ಬಿಸಿನೀರಿನಲ್ಲಿ ನೆನೆಸಿಯೋ ಬಿತ್ತದಿದ್ದರೆ ಮೊಳಕೆ ತಡವಾಗಿ, ಒಂದೊಂದು ಒಂದೊಂದು ಕಾಲಕ್ಕೆ ಬರುತ್ತದೆ. ಎರಡಕ್ಕೂ ಪೂರ್ತಿ ಬಿಸಿಲು, ನೀರು ನಿಲ್ಲದ ನೆಲ ಬೇಕು, ಸಾರಜನಕದ ಗೊಬ್ಬರ ಬೇಡ. ಎರಡರ ತಾಯಿಬೇರೂ ಆಳಕ್ಕೆ ಇಳಿಯುವುದರಿಂದ ಮೊದಲೇ ಜಾಗ ಗೊತ್ತುಮಾಡಿ ಬಿತ್ತಬೇಕು. ಆದರೆ ಬ್ಯಾಪ್ಟೀಸಿಯಕ್ಕೆ ನಿದ್ರೆಗೆ ಜಾರುವಷ್ಟು ಕೊರೆಯುವ ಚಳಿ ಬೇಕಾದುದರಿಂದ ಬೆಂಗಳೂರಿನಲ್ಲಾಗಲಿ ಘೋಟಿಯಲ್ಲಾಗಲಿ ಅದರಿಂದ ಒಳ್ಳೆಯ ಹೂವನ್ನು ನಿರೀಕ್ಷಿಸುವಂತಿಲ್ಲ. ಅಮೆರಿಕದ ಪೂರ್ವ ಮತ್ತು ನಡುಭಾಗದಲ್ಲಿ ನೆಲೆಸಿರುವ ಕನ್ನಡ ಮನೆಗಳ ಹಿತ್ತಿಲಿಗೆ ಅದು ತಕ್ಕದ್ದು, ದಖ್ಖನಿನ ಹಿತ್ತಿಲಿಗೆ ಕೊಗ್ಗಿ ತಕ್ಕದ್ದು.

ಬೆಳೆಗಳ ಚರಿತ್ರೆಯನ್ನು ಪೇಟೆಯ ಬೆಲೆಯಿಂದ ಮಾತ್ರ ಅಳೆಯುವ ಕ್ರಮಕ್ಕೆ ಈ ಮೂರು ಸಸ್ಯಗಳು ತಿದ್ದುಪಡಿ ಒದಗಿಸುತ್ತವೆ. ಒಂದೇ ಸರಕಿಗಾಗಿ ಬೆಳೆದ ನೀಲಿ, ಆ ಸರಕನ್ನು ಕಾರ್ಖಾನೆ ಅಗ್ಗವಾಗಿ ಮಾಡಿದ ದಿನವೇ ರೈತನಿಗೆ ಬೇಡವಾಯಿತು. ಬಣ್ಣದ ಪೇಟೆಗೆ ಒದಗದ ಆಲೆ ತನ್ನ ಮರದಿಂದ, ಕೊಗ್ಗಿ ತನ್ನ ಬೇರುಸೊಪ್ಪುಗಳಿಂದ, ಬ್ಯಾಪ್ಟೀಸಿಯ ತನ್ನ ಹೂವಿನಿಂದ ಬಾಳಿಕೊಂಡವು. ಇವುಗಳಲ್ಲಿ ಇಂದು ಕನ್ನಡ ನಾಡಿನ ಗಮನ ಬೇಕಾಗಿರುವುದು ಆಲೆಗೆ: ಬೊಂಬೆಯ ಕಸುಬು ನಿಂತಿರುವುದು ಕಡಿದ ಮರದ ಮೇಲೆ, ಮತ್ತು ಕಡಿದಷ್ಟನ್ನು ನೆಡದೆ ಹೋದರೆ ಬಣ್ಣದ ಪೇಟೆ ಮುಗಿಸಲಾಗದ ಮರವನ್ನು ಬೊಂಬೆಯ ಪೇಟೆ ಮುಗಿಸುತ್ತದೆ.